ಚೀಸ್ ಒಡೆಯದಂತೆ ಕರಗಿಸುವ ಲವಣಗಳು: ಪ್ರೊಸೆಸ್ಡ್ ಚೀಸಿನ ಹದ ಹಿಡಿಯುವ ಕ್ರಮ

ಚೆಡ್ಡರ್ ಚೀಸನ್ನು ತುರಿದು, ಬೇರೇನನ್ನೂ ಸೇರಿಸದೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿದರೆ ಕೆಲವೇ ನಿಮಿಷಗಳಲ್ಲಿ ಅದು ಒಡೆಯುತ್ತದೆ. ನಡುವೆ ಪ್ರೋಟೀನು ರಬ್ಬರಿನಂತೆ ಮುದ್ದೆಗಟ್ಟುತ್ತದೆ, ಸುತ್ತಲೂ ಕೊಬ್ಬು ಹಳದಿ ಎಣ್ಣೆಯಾಗಿ ನಿಲ್ಲುತ್ತದೆ. ಅದೇ ಚೀಸಿಗೆ 100 ಗ್ರಾಂಗೆ 2.5 ಗ್ರಾಂನಂತೆ ಸೋಡಿಯಂ ಸಿಟ್ರೇಟನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೇರಿಸಿ, ಬಿಡದೆ ಕಲಕುತ್ತ ಕಾಯಿಸಿದರೆ ಕೊಬ್ಬು ಹೊರಬೀಳದೆ ಇಡೀ ಮಿಶ್ರಣ ನುಣುಪಾಗಿ, ಹೊಳಪಾಗಿ ಒಂದಾಗುತ್ತದೆ. ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದಲ್ಲಿ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ 1911ರಲ್ಲಿ ಎಮೆಂಟಲ್ ಚೀಸನ್ನು ಸೋಡಿಯಂ ಸಿಟ್ರೇಟಿನೊಂದಿಗೆ ಕರಗಿಸಿ ಕಂಡುಕೊಂಡದ್ದು ಇದನ್ನೇ. ಇಂದು ಬೆಂಗಳೂರಿನ ಯಾವುದೇ ಅಂಗಡಿಯ ಫ್ರಿಜ್ಜಿನಲ್ಲಿ ಸಿಗುವ ಚೀಸ್ ಸ್ಲೈಸು, ಚೀಸ್ ಕ್ಯೂಬು, ಚೀಸ್ ಸ್ಪ್ರೆಡ್‌ಗಳೆಲ್ಲ ಈ ತತ್ತ್ವದ ಮೇಲೆಯೇ ನಿಂತಿವೆ.

ಚಿಕ್ಕ ಪ್ರಮಾಣದಲ್ಲಿ ಪ್ರೊಸೆಸ್ಡ್ ಚೀಸ್ ತಯಾರಿಸಲು ಹೊರಟವರಿಗೆ, ಹೋಟೆಲು ಅಥವಾ ಬೇಕರಿಯ ಅಡುಗೆಮನೆಯಲ್ಲಿ ತಮಗೆ ಬೇಕಾದ ಹದದ ಚೀಸನ್ನು ತಾವೇ ಮಾಡಿಕೊಳ್ಳಬೇಕೆನ್ನುವವರಿಗೆ, ಡೈರಿ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳಿಗೆ ಈ ಲೇಖನ ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ. ಇಲ್ಲಿನ ಅಳತೆಗಳೆಲ್ಲ ಸುಮಾರು ಒಂದು ಕಿಲೋ ಚೀಸ್ ಸಿಗುವ ಒಂದು ಪಾತ್ರೆಯ ಲೆಕ್ಕದಲ್ಲಿವೆ.

ಲವಣ ಮಾಡುವ ಕೆಲಸ ಯಾವುದು

ಈ ಲವಣಗಳನ್ನು ಎಮಲ್ಸಿಫೈಯಿಂಗ್ ಸಾಲ್ಟ್, ಅಂದರೆ ಕೊಬ್ಬನ್ನೂ ನೀರನ್ನೂ ಬೆರೆಸಿ ಹಿಡಿಯುವ ಉಪ್ಪು, ಎಂದು ಕರೆಯುವುದರಿಂದಲೇ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಕೊಬ್ಬು ಮತ್ತು ನೀರಿನ ನಡುವೆ ತಾನೇ ನಿಂತು ಎರಡನ್ನೂ ಹಿಡಿದಿಡುತ್ತದೆ. ಸಿಟ್ರೇಟ್, ಫಾಸ್ಫೇಟುಗಳಿಗೆ ಆ ಶಕ್ತಿಯಿಲ್ಲ. ಕೊಬ್ಬನ್ನು ಹಿಡಿಯುವುದು ಚೀಸಿನೊಳಗೇ ಇರುವ ಕೇಸೀನ್ ಎಂಬ ಪ್ರೋಟೀನು. ಆ ಕೇಸೀನಿನ ಕಟ್ಟು ಬಿಚ್ಚಿ ಅದನ್ನು ಕೆಲಸಕ್ಕೆ ಹಚ್ಚುವುದಷ್ಟೇ ಲವಣದ ಪಾತ್ರ. ಜರ್ಮನ್ನರು ಇದನ್ನು ‘ಕರಗಿಸುವ ಉಪ್ಪು’ ಎಂಬ ಅರ್ಥ ಬರುವಂತೆ ಕರೆಯುತ್ತಾರೆ, ಮತ್ತು ನನ್ನ ಮಟ್ಟಿಗೆ ಆ ಹೆಸರೇ ವಸ್ತುವಿಗೆ ಹೆಚ್ಚು ಹತ್ತಿರವಾಗಿದೆ.

ಹಾಲಿನಲ್ಲಿರುವ ಕೇಸೀನು, ಹಾಲನ್ನು ಗಟ್ಟಿಗೊಳಿಸುವ ರೆನೆಟ್ ಎಂಬ ಕಿಣ್ವ ಸೇರಿದ ಮೇಲೆ, ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತದೆ, ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟು ಆ ಬಲೆಯ ಗಂಟುಗಳಂತೆ ಕೆಲಸ ಮಾಡುತ್ತವೆ. ಇಂಥ ಕೇಸೀನು ನೀರಿನಲ್ಲಿ ಕರಗುವುದಿಲ್ಲ. ಕಾವು ಏರಿದಾಗ ಬಲೆ ಬಿಗಿದುಕೊಂಡು ತನ್ನೊಳಗಿನ ನೀರನ್ನೂ ಕೊಬ್ಬನ್ನೂ ಹೊರಕ್ಕೆ ಹಿಂಡುವುದರಿಂದಲೇ ಬಾಣಲೆಯಲ್ಲಿ ಎಣ್ಣೆ ನಿಲ್ಲುತ್ತದೆ. ಲವಣವನ್ನು ಸೇರಿಸಿದಾಗ ಸಿಟ್ರೇಟ್ ಅಥವಾ ಫಾಸ್ಫೇಟಿನ ಅಯಾನುಗಳು ಗಂಟಿನಲ್ಲಿರುವ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತವೆ, ಅದರ ಜಾಗಕ್ಕೆ ಸೋಡಿಯಂ ಬರುತ್ತದೆ, ಜೊತೆಗೆ ಮಿಶ್ರಣದ ಪಿಎಚ್ ಕೊಂಚ ಮೇಲೇರುತ್ತದೆ, ಅಂದರೆ ಹುಳಿ ತಗ್ಗುತ್ತದೆ. ಹೀಗೆ ಬಿಡಿಸಿಕೊಂಡ ಕೇಸೀನು ನೀರು ಹೀರಿ ಉಬ್ಬುತ್ತದೆ. ಅದರ ನೀರನ್ನು ಒಲ್ಲದ ಭಾಗಗಳು ಕೊಬ್ಬಿನ ಹನಿಗಳನ್ನು ತಬ್ಬಿಕೊಂಡರೆ, ನೀರಿಗೆ ಒಲಿಯುವ ಭಾಗಗಳು ಹೊರಮುಖವಾಗಿ ನಿಲ್ಲುತ್ತವೆ. ತಣ್ಣಗಾಗುವಾಗ ಇದೇ ಕೇಸೀನು ಮತ್ತೆ ಸಡಿಲವಾದ ಹೊಸ ಬಲೆಯನ್ನು ಕಟ್ಟುತ್ತದೆ. ನಾವು ಹದ ಎಂದು ಕರೆಯುವುದು ಆ ಹೊಸ ಬಲೆಯ ಬಿಗಿಯನ್ನು.

ಎಲ್ಲ ಕ್ಯಾಲ್ಸಿಯಂ ಅನ್ನೂ ಕಿತ್ತುಹಾಕಬೇಕಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. 800 ಗ್ರಾಂ ಚೆಡ್ಡರಿನಲ್ಲಿ ಸುಮಾರು 5.6 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದಕ್ಕೆ ಸೇರಿಸುವ 20 ಗ್ರಾಂ ಸೋಡಿಯಂ ಸಿಟ್ರೇಟು, ಅಣುವಿಗೆ ಅಣು ಎಂಬ ಲೆಕ್ಕದಲ್ಲಿ, ಅದರ ಅರ್ಧದಷ್ಟನ್ನು ಮಾತ್ರ ಹಿಡಿಯಬಲ್ಲದು. ಬಲೆಯಲ್ಲಿ ಕೆಲವು ಗಂಟುಗಳು ಉಳಿಯಬೇಕು. ಅವೂ ಇಲ್ಲದಿದ್ದರೆ ಸ್ಲೈಸಿಗೆ ಮೈಕಟ್ಟೇ ಇರುವುದಿಲ್ಲ.

ಮೊದಲ ಹಂತ: ಚೀಸು ಯಾವುದಕ್ಕೆ ಬೇಕೆಂದು ನಿರ್ಧರಿಸಿ

ಕಾದ ಕಾವಲಿಯ ಮೇಲೆ ದೋಸೆಗೆ ತುರಿದು ಹಾಕುವ ಚೀಸು ತಕ್ಷಣ ಕರಗಿ ಹರಡಿಕೊಳ್ಳಬೇಕು. ಸಮೋಸ ಅಥವಾ ಚೀಸ್ ಬಾಲ್‌ನ ಒಳಗಿನ ಚೀಸು ಎಣ್ಣೆಯಲ್ಲಿ ಬೆಂದರೂ ಹೊರಗೆ ಹರಿಯದೆ ಮೃದುವಾಗಿ ಉಳಿಯಬೇಕು. ಸ್ಯಾಂಡ್‌ವಿಚ್ಚಿನ ಸ್ಲೈಸು ಮಡಚಿದರೆ ಮುರಿಯಬಾರದು, ಬ್ರೆಡ್ಡಿಗೆ ಸವರುವ ಸ್ಪ್ರೆಡ್ಡು ಫ್ರಿಜ್ಜಿನಿಂದ ತೆಗೆದ ಕೂಡಲೇ ಚಾಕುವಿಗೆ ಮಣಿಯಬೇಕು. ಈ ನಾಲ್ಕಕ್ಕೂ ಒಂದೇ ಲವಣ ಹೊಂದುವುದಿಲ್ಲ. ನಗರದ ಅನೇಕ ಕಡೆ ಚೀಸ್ ಮಸಾಲೆ ದೋಸೆಯ ಮೇಲೆ ಚೀಸಿನ ತುರಿ ಕರಗದೆ ಎಳೆಎಳೆಯಾಗಿಯೇ ಉಳಿದಿರುವುದನ್ನು ಕಾಣುತ್ತೇವೆ. ಅದು ಬಹುಪಾಲು ಅಡುಗೆಯವರ ತಪ್ಪಲ್ಲ, ಕರಗದಿರಲೆಂದೇ ರೂಪಿಸಿದ ಚೀಸನ್ನು ಕರಗಬೇಕಾದ ಜಾಗದಲ್ಲಿ ಬಳಸಿದ್ದರ ಫಲ.

ಎರಡನೆಯ ಹಂತ: ಎಳೆಯ ಚೀಸು, ಮಾಗಿದ ಚೀಸುಗಳ ಪಾಲು

ಚೀಸು ಮಾಗಿದಷ್ಟೂ ಅದರ ಕೇಸೀನು ತುಂಡಾಗುತ್ತ ಹೋಗುತ್ತದೆ. ಇದರಿಂದ ರುಚಿ ಹೆಚ್ಚುತ್ತದೆ, ಆದರೆ ಕೊಬ್ಬನ್ನು ಹಿಡಿಯುವ ಮತ್ತು ಹೊಸ ಬಲೆ ಕಟ್ಟುವ ಶಕ್ತಿ ಕುಗ್ಗುತ್ತದೆ. ಒಂದೆರಡು ತಿಂಗಳ ಎಳೆಯ ಚೆಡ್ಡರಿನಲ್ಲಿ ತುಂಡಾಗದ ಕೇಸೀನು ಹೆಚ್ಚಿರುವುದರಿಂದ ಚೀಸಿಗೆ ಎಳೆದರೆ ಹಿಗ್ಗುವ, ಕೊಯ್ದರೆ ಅಂಚು ಸ್ವಚ್ಛವಾಗಿರುವ ಗುಣ ಬರುತ್ತದೆ. ಸ್ಲೈಸು ಮತ್ತು ಗಟ್ಟಿ ಚೀಸಿಗೆ ಎಳೆಯದು ಶೇ. 70ರಿಂದ 75, ಮಾಗಿದ್ದು ಉಳಿದ ಪಾಲು ಎಂಬುದು ಡೈರಿಗಳಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಸ್ಪ್ರೆಡ್ಡಿಗೆ ಮಾಗಿದ ಚೀಸಿನ ಪಾಲನ್ನು ಹೆಚ್ಚಿಸಬಹುದು.

ಇದರಲ್ಲಿ ಎಡವಿದರೆ ಯಾವ ಲವಣವೂ ಕೈಹಿಡಿಯುವುದಿಲ್ಲ. ಪೂರ್ತಿ ಮಾಗಿದ ಚೀಸನ್ನೇ ಬಳಸಿ, ಕೊಬ್ಬು ಒಡೆಯುತ್ತಿದೆಯೆಂದು ಲವಣವನ್ನು ಶೇ. 2.5ರಿಂದ 4ಕ್ಕೆ ಏರಿಸಿದವರನ್ನು ನಾನು ಕಂಡಿದ್ದೇನೆ. ಅವರಿಗೆ ದಕ್ಕಿದ್ದು ಕಹಿ ಮತ್ತು ಸೋಪಿನ ರುಚಿಯ ಮೆತ್ತನೆಯ ಚೀಸು. ಕೆಲಸ ಮಾಡಬೇಕಾದ ಕೇಸೀನೇ ಕಡಿಮೆಯಿರುವಾಗ ಅದನ್ನು ಬಿಡಿಸಲು ಹೆಚ್ಚು ಲವಣ ಹಾಕಿ ಪ್ರಯೋಜನವಿಲ್ಲ.

ಎಮ್ಮೆ ಹಾಲಿನ ಚೀಸು ಬಳಸುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎಮ್ಮೆ ಹಾಲಿನಲ್ಲಿ ಕೇಸೀನೂ ಕ್ಯಾಲ್ಸಿಯಂ ಕೂಡ ಹಸುವಿನ ಹಾಲಿಗಿಂತ ಹೆಚ್ಚಾದ್ದರಿಂದ ಚೀಸು ಗಟ್ಟಿಯಾಗುವ ಒಲವು ಹೆಚ್ಚು. ಅದಕ್ಕೆ ಲವಣದ ಪ್ರಮಾಣ ತುಸು ಮೇಲೆಯೇ ಬೇಕಾಗುತ್ತದೆ. ಇನ್ನು ಪನೀರನ್ನು ಈ ವಿಧಾನದಿಂದ ಚೀಸಿನಂತೆ ಕರಗಿಸಲು ಹೊರಡಬೇಡಿ. ಕುದಿಯುವ ಹಾಲಿಗೆ ಹುಳಿ ಹಿಂಡಿ ಒಡೆಸಿದಾಗ ಹಾಲೊಡಕಿನ ಪ್ರೋಟೀನುಗಳೂ ಕೇಸೀನಿನೊಂದಿಗೆ ಅಂಟಿಕೊಳ್ಳುವುದರಿಂದ ಪನೀರಿನ ಸ್ವಭಾವವೇ ಬೇರೆ.

ಮೂರನೆಯ ಹಂತ: ಲವಣದ ಆಯ್ಕೆ

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಸೋಡಿಯಂ ಸಿಟ್ರೇಟ್. ಇದು ಕ್ಯಾಲ್ಸಿಯಂ ಅನ್ನು ಮಧ್ಯಮ ಬಲದಿಂದ ಹಿಡಿಯುತ್ತದೆ, ಪಿಎಚ್ ಅನ್ನು ಹದವಾಗಿ ಏರಿಸಿ ನಿಲ್ಲಿಸುತ್ತದೆ, ಅಳತೆಯಲ್ಲಿ ಸಣ್ಣ ತಪ್ಪಾದರೂ ಸಹಿಸಿಕೊಳ್ಳುತ್ತದೆ. ಇದರಿಂದ ಗಟ್ಟಿಯಾದ, ಕೊಯ್ಯಲು ಬರುವ, ಬಿಸಿ ತಾಗಿದರೆ ಚೆನ್ನಾಗಿ ಕರಗುವ ಚೀಸು ಸಿಗುತ್ತದೆ. ದೋಸೆಗೂ ಸ್ಲೈಸಿಗೂ ಇದು ಒಳ್ಳೆಯ ಆರಂಭ. ಇದರ ಕೊರತೆಯೆಂದರೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣ ಇಲ್ಲದಿರುವುದು.

ಡೈಸೋಡಿಯಂ ಫಾಸ್ಫೇಟು ಸಿಟ್ರೇಟಿಗಿಂತ ಅಗ್ಗ, ಅದರಿಂದ ಬರುವ ಚೀಸು ತುಸು ಮೃದು, ಕರಗುವ ಗುಣವೂ ಚೆನ್ನ. ಆದರೆ ಅದು ಶೇ. 2ನ್ನು ಮೀರಿದರೆ ಕೆಲವು ವಾರಗಳಲ್ಲಿ ಚೀಸಿನ ಮೇಲ್ಮೈಯಲ್ಲಿ ಬಿಳಿ ಹರಳುಗಳು ಮೂಡುವ ಸಾಧ್ಯತೆ ಹೆಚ್ಚು. ಗ್ರಾಹಕರು ಅದನ್ನು ಬೂಸ್ಟು ಎಂದು ತಿಳಿದು ಎಸೆಯುತ್ತಾರೆ. ಹರಳಿನಿಂದ ಆರೋಗ್ಯಕ್ಕೆ ಅಪಾಯವಿಲ್ಲದಿದ್ದರೂ ನಾಲಿಗೆಗೆ ಮರಳು ಸಿಕ್ಕಂತಾಗುವುದಂತೂ ನಿಜ. ಈ ಲವಣವನ್ನು ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರನ್ನು ಪೂರ್ತಿ ಓದಬೇಕು. ನೀರಿನ ಅಂಶವಿಲ್ಲದ ರೂಪದ 8 ಗ್ರಾಂ ಮಾಡುವ ಕೆಲಸಕ್ಕೆ, ಹರಳಿನೊಳಗೆ ಹನ್ನೆರಡು ಪಾಲು ನೀರನ್ನು ಕಟ್ಟಿಕೊಂಡ ಡೋಡೆಕಾಹೈಡ್ರೇಟ್ ರೂಪದಲ್ಲಾದರೆ ಸುಮಾರು 20 ಗ್ರಾಂ ಬೇಕು. ಎರಡರ ಹೆಸರೂ ಒಂದೇ, ಬಣ್ಣವೂ ಒಂದೇ ಆದ್ದರಿಂದ ಹೊಸಬರ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಟೆಟ್ರಾಸೋಡಿಯಂ ಪೈರೋಫಾಸ್ಫೇಟಿನ ಸ್ವಭಾವ ವಿಚಿತ್ರವಾದದ್ದು. ಅದು ಕೇಸೀನನ್ನು ಬಿಡಿಸಿದ ಮೇಲೆ ಕ್ಯಾಲ್ಸಿಯಮಿನ ಜೊತೆಗೂಡಿ ಅದೇ ಕೇಸೀನುಗಳ ನಡುವೆ ಮತ್ತೆ ಸೇತುವೆ ಕಟ್ಟಬಲ್ಲದು. ಹಾಗಾಗಿ ಒಲೆಯ ಮೇಲಿರುವಾಗಲೇ ಮಿಶ್ರಣ ಬೇಗ ದಪ್ಪವಾಗುತ್ತದೆ, ಮತ್ತು ಸಿದ್ಧವಾದ ಚೀಸು ಬಿಸಿಗೆ ಸುಲಭವಾಗಿ ಹರಿಯುವುದಿಲ್ಲ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟಿನಂಥ ಉದ್ದ ಸರಪಳಿಯ ಪಾಲಿಫಾಸ್ಫೇಟುಗಳು ಕ್ಯಾಲ್ಸಿಯಂ ಅನ್ನು ಎಲ್ಲಕ್ಕಿಂತ ಬಲವಾಗಿ ಹಿಡಿಯುತ್ತವೆ. ಇವು ಕೊಬ್ಬನ್ನು ಅತಿ ಸಣ್ಣ ಹನಿಗಳಾಗಿ ಚದುರಿಸುವುದರಿಂದ ಚೀಸು ಬಿಗಿಯಾಗಿ, ಕಡಿಮೆ ಕರಗುವಂತಾಗುತ್ತದೆ. ಸಮೋಸದ ಒಳಗಿಡುವ ಚೀಸಿಗೆ ಬೇಕಾದದ್ದು ಇಂಥ ಗುಣ. ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಹತ್ತಿಕ್ಕುವ ಗುಣವೂ ಪಾಲಿಫಾಸ್ಫೇಟುಗಳಿಗಿದೆ. ಆದರೆ ದಾಸ್ತಾನಿನಲ್ಲಿ ಈ ಸರಪಳಿಗಳು ನಿಧಾನವಾಗಿ ಮುರಿದು ಸಾದಾ ಫಾಸ್ಫೇಟಾಗುತ್ತವೆ. ಹಾಗಾಗಿ ಮೊದಲ ದಿನದ ಹದವೇ ತಿಂಗಳ ನಂತರವೂ ಇರುತ್ತದೆಂದು ನಂಬಬಾರದು.

ಕಾರ್ಖಾನೆಗಳಲ್ಲಿ ಒಂದೇ ಲವಣವನ್ನು ಬಳಸುವುದು ಅಪರೂಪ; ಎರಡು ಮೂರನ್ನು ಬೆರೆಸುತ್ತಾರೆ. ಅಂಗಡಿಯ ಚೀಸಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಅವುಗಳ ಸಂಖ್ಯೆ ಕಾಣುತ್ತದೆ. ಐಎನ್‌ಎಸ್ 331 ಎಂದರೆ ಸೋಡಿಯಂ ಸಿಟ್ರೇಟುಗಳು, 339 ಸಾದಾ ಸೋಡಿಯಂ ಫಾಸ್ಫೇಟುಗಳು, 450 ಡೈಫಾಸ್ಫೇಟುಗಳು, 451 ಟ್ರೈಫಾಸ್ಫೇಟುಗಳು, 452 ಪಾಲಿಫಾಸ್ಫೇಟುಗಳು. ಮೇಲಿನ ವಿವರಗಳನ್ನು ತಿಳಿದವರಿಗೆ ಈ ಸಂಖ್ಯೆಗಳಿಂದಲೇ ಆ ಚೀಸು ಕಾವಲಿಯ ಮೇಲೆ ಹೇಗೆ ವರ್ತಿಸಬಹುದೆಂಬ ಊಹೆ ಸಿಗುತ್ತದೆ. ದೋಸೆಗಾಗಿ ತುರಿಯುವ ಚೀಸಿಗೆ 800 ಗ್ರಾಂ ಚೆಡ್ಡರಿಗೆ 12 ಗ್ರಾಂ ಸಿಟ್ರೇಟು ಮತ್ತು 8 ಗ್ರಾಂ ನೀರಿಲ್ಲದ ಡೈಸೋಡಿಯಂ ಫಾಸ್ಫೇಟಿನಿಂದ ಪ್ರಯೋಗ ಆರಂಭಿಸಬಹುದು.

ಯಾವುದನ್ನೇ ಕೊಂಡರೂ ಆಹಾರ ದರ್ಜೆಯದನ್ನೇ ಕೊಳ್ಳಿ. ಬೇಕಿಂಗ್ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಟ್ರೇಟು ಸಿಗುತ್ತದೆ. ರಾಸಾಯನಿಕಗಳ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಕೈಗಾರಿಕಾ ದರ್ಜೆಯ ಫಾಸ್ಫೇಟಿನಲ್ಲಿ ಆರ್ಸೆನಿಕ್, ಸೀಸ, ಫ್ಲೋರೈಡುಗಳ ಮಿತಿಯನ್ನು ಆಹಾರಕ್ಕೆಂದು ಪರೀಕ್ಷಿಸಿರುವುದಿಲ್ಲ.

ಸಿಟ್ರೇಟು ಸಿಗದಿದ್ದರೆ ಮನೆಯಲ್ಲಿಯೇ ಮಾಡಿಕೊಳ್ಳಲು ಒಂದು ದಾರಿಯಿದೆ. ನಿಂಬೆ ಉಪ್ಪು ಎಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲ 13 ಗ್ರಾಂ, ಅಡುಗೆ ಸೋಡಾ 17 ಗ್ರಾಂ ತೂಗಿಕೊಳ್ಳಿ. ನಿಂಬೆ ಉಪ್ಪನ್ನು ಅಳೆದಿಟ್ಟ ನೀರಿನಲ್ಲಿ ಕರಗಿಸಿ, ದೊಡ್ಡ ಪಾತ್ರೆಯಲ್ಲಿ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ. ನೊರೆ ಜೋರಾಗಿ ಉಕ್ಕುತ್ತದೆ. ನೊರೆ ಪೂರ್ತಿ ನಿಂತ ಮೇಲೆ ಉಳಿಯುವ ದ್ರಾವಣದಲ್ಲಿ 20 ಗ್ರಾಂ ಸೋಡಿಯಂ ಸಿಟ್ರೇಟಿಗೆ ಸಮನಾದ ಲವಣ ಇರುತ್ತದೆ. ಇಲ್ಲಿ ಅಡುಗೆ ಸೋಡಾವನ್ನೇ ಬಳಸಬೇಕು. ಬೇಕಿಂಗ್ ಪೌಡರ್ ಅಥವಾ ಬಟ್ಟೆ ಒಗೆಯುವ ಸೋಡಾ ಸಲ್ಲದು.

ನಾಲ್ಕನೆಯ ಹಂತ: ತೂಕ ಮತ್ತು ನೀರಿನ ಲೆಕ್ಕ

ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಲವಣವನ್ನು ಅರ್ಧ ಗ್ರಾಂ ಅಥವಾ ಅದಕ್ಕಿಂತ ನಿಖರವಾದ ತಕ್ಕಡಿಯಲ್ಲಿ ತೂಗಬೇಕು.

ಎಳೆಯ ಚೆಡ್ಡರ್ 560 ಗ್ರಾಂ, ಮಾಗಿದ್ದು 240 ಗ್ರಾಂ, ಸೋಡಿಯಂ ಸಿಟ್ರೇಟು 20 ಗ್ರಾಂ ಎಂದಿಟ್ಟುಕೊಳ್ಳೋಣ. ಚೆಡ್ಡರಿನಲ್ಲಿ ಸುಮಾರು ಶೇ. 37 ತೇವಾಂಶವಿದ್ದರೆ 800 ಗ್ರಾಂನಲ್ಲಿ ಘನಾಂಶ 504 ಗ್ರಾಂ; ಲವಣದ ಘನಾಂಶ ಸೇರಿ ಸುಮಾರು 521 ಗ್ರಾಂ. ಕೊನೆಯ ಚೀಸಿನಲ್ಲಿ ಶೇ. 45 ತೇವಾಂಶ ಬೇಕೆಂದರೆ ಒಟ್ಟು ತೂಕ 948 ಗ್ರಾಂ ಆಗಬೇಕು, ಅಂದರೆ ಸುಮಾರು 130 ಗ್ರಾಂ ನೀರು. ಬೇಯುವಾಗ ಆವಿಯಾಗಿ ಹೋಗುವುದಕ್ಕೆ ಇನ್ನು 20 ಗ್ರಾಂ ಸೇರಿಸಿ 150 ಗ್ರಾಂ ಇಟ್ಟುಕೊಳ್ಳಿ, ಮತ್ತು ಕೊನೆಯಲ್ಲಿ ಪಾತ್ರೆಯನ್ನು ತೂಗಿ ನೋಡಿ. ಭಾರತದ ಆಹಾರ ಸುರಕ್ಷತಾ ನಿಯಮಗಳಲ್ಲಿ ಪ್ರೊಸೆಸ್ಡ್ ಚೀಸಿನ ತೇವಾಂಶ ಶೇ. 47ನ್ನು ಮೀರಬಾರದು, ಒಣ ಘನಾಂಶದಲ್ಲಿ ಹಾಲಿನ ಕೊಬ್ಬು ಶೇ. 40ಕ್ಕಿಂತ ಕಡಿಮೆಯಿರಬಾರದು ಎಂದಿದೆ. ಸ್ಪ್ರೆಡ್ಡಿಗೆ ತೇವಾಂಶ ಶೇ. 60ರವರೆಗೆ ಇರಬಹುದು. ಮಾರಾಟಕ್ಕೆಂದು ಮಾಡುವವರು ಈ ಲೆಕ್ಕವನ್ನು ಪ್ರತಿ ಪಾತ್ರೆಗೂ ಬರೆದಿಡಬೇಕು. ಲವಣಗಳ ಮಿತಿಯನ್ನು ಎಫ್‌ಎಸ್‌ಎಸ್‌ಎಐ ನಿಯಮದ ಇತ್ತೀಚಿನ ಆವೃತ್ತಿಯಲ್ಲಿ ನೋಡಿಕೊಳ್ಳಬೇಕು.

ಬೆಂಗಳೂರಿನಲ್ಲಿ ಚೀಸು ಕೆಟ್ಟಾಗ ಬೋರ್‌ವೆಲ್ ನೀರಿನ ಗಡಸುತನವನ್ನು ದೂರುವುದು ರೂಢಿ. ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂನಷ್ಟಿದ್ದರೂ 150 ಗ್ರಾಂ ನೀರಿನೊಂದಿಗೆ ಬರುವ ಕ್ಯಾಲ್ಸಿಯಂ ಹೆಚ್ಚೆಂದರೆ 30 ಮಿಲಿಗ್ರಾಂ. ಚೀಸಿನಲ್ಲಿ ಮೊದಲೇ ಇರುವುದು 5,600 ಮಿಲಿಗ್ರಾಂ. ಹದ ಕೆಡಿಸುವಷ್ಟು ಅಲ್ಲ ಅದು. ಪಾಲಿಫಾಸ್ಫೇಟು ಕರಗಿಸುವಾಗ ದ್ರಾವಣ ತಿಳಿಯಾಗಿರಲಿ, ನೀರಿನ ಸವುಳು ರುಚಿ ಚೀಸಿಗೆ ಬರದಿರಲಿ ಎಂದು ಕಾವೇರಿ ನೀರು ಅಥವಾ ಆರ್‌ಒ ನೀರು ಬಳಸುವುದು ಒಳ್ಳೆಯದೇ. ಆದರೆ ಒಡೆದ ಚೀಸಿಗೆ ಕಾರಣವನ್ನು ಬೇರೆಡೆ ಹುಡುಕಬೇಕು.

ಐದನೆಯ ಹಂತ: ಬೇಯಿಸುವುದು

ಚೀಸನ್ನು ಸಣ್ಣಗೆ ತುರಿದು ಕೋಣೆಯ ಉಷ್ಣತೆಗೆ ಬರಲು ಬಿಡಿ. ಲವಣವನ್ನು ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ. ಪುಡಿಯಾಗಿಯೇ ಉದುರಿಸಿದರೆ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆಯಾಗಿ ಚೀಸು ಗಂಟುಗಂಟಾಗುತ್ತದೆ. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಕಾಯಿಸುವುದು ಕ್ಷೇಮ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯುತ್ತದಾದರೂ ನಮಗೆ ಬೇಕಾದ 80–85 ಡಿಗ್ರಿಗೆ ಅಷ್ಟು ಕಾವು ಧಾರಾಳ. ಥರ್ಮಾಮೀಟರು ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಲವಣದ ನೀರನ್ನು ಪಾತ್ರೆಗೆ ಹಾಕಿ, ಬಿಸಿಯಾದ ಮೇಲೆ ಚೀಸಿನ ತುರಿಯನ್ನು ಮೂರು ನಾಲ್ಕು ಬಾರಿಗೆ ಸೇರಿಸುತ್ತ ಒಂದೇ ಸಮನೆ ಕಲಕಿ. 50–60 ಡಿಗ್ರಿಯ ಹೊತ್ತಿಗೆ ಎದೆ ಝಲ್ಲೆನಿಸುವಂಥ ದೃಶ್ಯ ಕಾಣುತ್ತದೆ: ಕೊಬ್ಬು ತೇಲುತ್ತದೆ, ಪ್ರೋಟೀನು ಎಳೆಎಳೆಯಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ. ಕೊಬ್ಬು ಕರಗಿಯಾಗಿದೆ, ಕೇಸೀನು ಇನ್ನೂ ಬಿಡಿಸಿಕೊಂಡಿಲ್ಲ, ಅಷ್ಟೇ ಅದರ ಅರ್ಥ. ಇಲ್ಲಿ ಹೆದರಿ ಒಲೆ ಆರಿಸಬಾರದು. ಕಲಕುವುದನ್ನು ಬಿಡದಿದ್ದರೆ 70 ಡಿಗ್ರಿ ದಾಟುವಾಗ ಎಳೆಗಳು ಮಾಯವಾಗಿ, ತೇಲಿದ ಕೊಬ್ಬೆಲ್ಲ ಒಳಸೇರಿ, ಮಿಶ್ರಣ ಹೊಳೆಯತೊಡಗುತ್ತದೆ. ಈ ಹಂತದಲ್ಲಿ ಕೈ ಬ್ಲೆಂಡರನ್ನು ಅರ್ಧ ನಿಮಿಷ ಓಡಿಸಿದರೆ ಕೊಬ್ಬಿನ ಹನಿಗಳು ಇನ್ನಷ್ಟು ಸಣ್ಣವಾಗುತ್ತವೆ. ಗಾಳಿ ಒಳಸೇರದಂತೆ ಅದರ ತಲೆ ಮುಳುಗಿಯೇ ಇರಲಿ.

80–85 ಡಿಗ್ರಿಯಲ್ಲಿ ನಾಲ್ಕರಿಂದ ಎಂಟು ನಿಮಿಷ ಇಡಬೇಕು. ಈ ನಿಮಿಷಗಳಲ್ಲಿ ನಡೆಯುವುದನ್ನು ಡೈರಿಯವರು ಕ್ರೀಮಿಂಗ್ ಎನ್ನುತ್ತಾರೆ. ಬಿಡಿಬಿಡಿಯಾದ ಕೇಸೀನು ನೀರು ಹೀರುತ್ತ ಮತ್ತೆ ಒಂದಕ್ಕೊಂದು ತಾಗತೊಡಗುವುದರಿಂದ, ನೀರು ಬತ್ತದಿದ್ದರೂ ಮಿಶ್ರಣ ದಪ್ಪವಾಗುತ್ತದೆ. ಸ್ಲೈಸಿಗೆ ಕ್ರೀಮಿಂಗ್ ಕಡಿಮೆಯಿರಲಿ: ಸೌಟೆತ್ತಿದಾಗ ಉದ್ದ ಎಳೆಯಾಗಿ ಹರಿಯುವಾಗಲೇ ಇಳಿಸಿ. ಸ್ಪ್ರೆಡ್ಡಿಗೆ ಇನ್ನೂ ಕೆಲವು ನಿಮಿಷ ಕಲಕಿ, ಎಳೆ ತುಂಡಾಗಿ ಬೀಳುವ, ಸೌಟಿನ ಗುರುತು ಒಂದು ಕ್ಷಣ ನಿಲ್ಲುವ ಹಂತಕ್ಕೆ ತರಬೇಕು. ಅದನ್ನೂ ಮೀರಿದರೆ ಹೊಳಪು ಮಾಸಿ, ಮಿಶ್ರಣ ಗಡ್ಡೆಯಂತಾಗಿ, ಒಳಸೇರಿದ್ದ ಕೊಬ್ಬು ಅಂಚಿನಲ್ಲಿ ಮತ್ತೆ ಜಿನುಗುತ್ತದೆ. ಮೈಸೂರು ಪಾಕನ್ನು ಒಲೆಯಿಂದ ಇಳಿಸುವ ಗಳಿಗೆಯನ್ನು ಕಣ್ಣಿನಲ್ಲೇ ಗುರುತಿಸುವ ಅಡುಗೆಯವರಿಗೆ ಈ ಗಳಿಗೆಯೂ ಬೇಗ ಒಗ್ಗುತ್ತದೆ. ಹಿಂದಿನ ಪಾತ್ರೆಯಲ್ಲಿ ಉಳಿದ ಚೀಸನ್ನು ಹೊಸದಕ್ಕೆ ಸೇರಿಸುವವರು ಅದು ಕ್ರೀಮಿಂಗ್ ಅನ್ನು ವೇಗಗೊಳಿಸುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಆರನೆಯ ಹಂತ: ಪಿಎಚ್ ನೋಡುವುದು

ಲವಣದ ಪ್ರಮಾಣಕ್ಕಿಂತಲೂ ಹೆಚ್ಚಾಗಿ ನಾನು ನಂಬುವ ಅಂಕಿ ಇದು. ಪ್ರಮಾಣ ಒಂದೇ ಇದ್ದರೂ ಚೆಡ್ಡರಿನ ಹುಳಿ ದಿನದಿಂದ ದಿನಕ್ಕೆ ಬದಲಾಗುವುದರಿಂದ ಕೊನೆಯ ಪಿಎಚ್ ಬದಲಾಗುತ್ತದೆ, ಅದರೊಂದಿಗೆ ಹದವೂ ಬದಲಾಗುತ್ತದೆ. ಎರಡು ಚಮಚ ಮಿಶ್ರಣವನ್ನು ತೆಗೆದು ತಣಿಸಿ, ಅಷ್ಟೇ ತೂಕದ ಡಿಸ್ಟಿಲ್ಡ್ ನೀರಿನೊಂದಿಗೆ ಅರೆದು ಮೀಟರಿನಲ್ಲಿ ನೋಡಿ. ಬಣ್ಣ ಬದಲಿಸುವ ಕಾಗದ ಇಷ್ಟು ಸಣ್ಣ ಅಂತರವನ್ನು ತೋರಿಸಲಾರದು.

ಗಟ್ಟಿ ಚೀಸು, ಸ್ಲೈಸುಗಳಿಗೆ 5.4ರಿಂದ 5.8, ಸ್ಪ್ರೆಡ್ಡಿಗೆ 5.7ರಿಂದ 6.0 ಒಪ್ಪುವ ವ್ಯಾಪ್ತಿ. 5.4ರ ಕೆಳಗೆ ಹೋದರೆ ಕೇಸೀನುಗಳು ಪರಸ್ಪರ ಒತ್ತಿಕೊಂಡು ಚೀಸು ಪುಡಿಯಾಗುತ್ತದೆ, ಕೊಬ್ಬು ಒಡೆಯುವುದೂ ಉಂಟು. 6ರ ಮೇಲೆ ಹೋದರೆ ಚೀಸು ಅತಿ ಮೃದುವಾಗಿ ಸೋಪಿನ ರುಚಿ ಬರುತ್ತದೆ, ಸೂಕ್ಷ್ಮಾಣುಗಳಿಗೂ ಅನುಕೂಲವಾಗುತ್ತದೆ. ತಗ್ಗಿಸಬೇಕಾದರೆ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಹನಿಹನಿಯಾಗಿ ಸೇರಿಸಿ. ಏರಿಸಬೇಕಾದರೆ ಸಿಟ್ರೇಟನ್ನೇ ಇನ್ನೊಂದೆರಡು ಗ್ರಾಂ ಹಾಕುವುದು ಸೂಕ್ತ. ಅಡುಗೆ ಸೋಡಾವನ್ನು ನೇರವಾಗಿ ಚೀಸಿಗೆ ಹಾಕಿದರೆ ಅನಿಲ ಹುಟ್ಟಿ ತೂತುಗಳಾಗುತ್ತವೆ.

ಏಳನೆಯ ಹಂತ: ತುಂಬಿಸಿ ತಣಿಸುವುದು

ಮಿಶ್ರಣ 75 ಡಿಗ್ರಿಗಿಂತ ಮೇಲಿರುವಾಗಲೇ, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಡಬ್ಬಿಗೆ ತುಂಬಿ ಮುಚ್ಚಬೇಕು. ನಿಧಾನವಾಗಿ ತಣಿದ ಚೀಸು ಹೆಚ್ಚು ಗಟ್ಟಿಯಾಗುತ್ತದೆ, ಬೇಗ ತಣಿದದ್ದು ಮೃದುವಾಗಿರುತ್ತದೆ. ಹಾಗಾಗಿ ಸ್ಪ್ರೆಡ್ಡನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸುವುದು ಸರಿ. ದೊಡ್ಡ ಗಟ್ಟಿಯನ್ನು ಬಹಳ ಹೊತ್ತು ಬಿಸಿಯಾಗಿಯೇ ಬಿಟ್ಟರೆ ನಡುಭಾಗ ಕಂದುಬಣ್ಣಕ್ಕೆ ತಿರುಗುವುದರಿಂದ, ಕಾಲು ಕಿಲೋಗಿಂತ ದೊಡ್ಡ ಅಚ್ಚು ಬೇಡ. ಸ್ಲೈಸಿಗೆ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸುರಿದು, ಲಟ್ಟಣಿಗೆಯಿಂದ ಸಮನಾಗಿ ಒತ್ತಿ ಫ್ರಿಜ್ಜಿನಲ್ಲಿಡಿ.

ಎಂಟನೆಯ ಹಂತ: ಮರುದಿನದ ಪರೀಕ್ಷೆ ಮತ್ತು ತಿದ್ದುಪಡಿ

ಹದವನ್ನು ಬಿಸಿಯಾಗಿರುವಾಗ ತೀರ್ಮಾನಿಸಬೇಡಿ. ಹೊಸ ಬಲೆ ಪೂರ್ತಿ ಕಟ್ಟಿಕೊಳ್ಳಲು ಒಂದು ರಾತ್ರಿ ಬೇಕು. ಮರುದಿನ ಅರ್ಧ ಸೆಂಟಿಮೀಟರ್ ದಪ್ಪ, ನಾಲ್ಕು ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ, ಕಾದ ಓವನ್ನಿನಲ್ಲಿ ಐದು ನಿಮಿಷವಿಟ್ಟು ಎಷ್ಟು ಅಗಲಕ್ಕೆ ಹರಡಿತೆಂದು ಅಳೆಯಿರಿ. ಪ್ರತಿ ಬಾರಿಯೂ ಅದೇ ಕಾವು, ಅದೇ ಹೊತ್ತು ಇಟ್ಟುಕೊಂಡರೆ ಹಿಂದಿನ ಪಾತ್ರೆಯೊಂದಿಗೆ ಹೋಲಿಸಬಹುದು. ಇನ್ನೊಂದು ತುಂಡನ್ನು ನಿಧಾನವಾಗಿ ಬಾಗಿಸಿ, ಎಲ್ಲಿ ಬಿರುಕು ಬಿಡುತ್ತದೆಂದು ನೋಡಿ.

ಅಂಚಿನಲ್ಲಿ ಕೊಬ್ಬು ಜಿನುಗಿದ್ದರೆ ಲವಣ ಕಡಿಮೆಯಾಗಿರಬಹುದು, ಮಾಗಿದ ಚೀಸು ಹೆಚ್ಚಾಗಿರಬಹುದು, ಇಲ್ಲವೇ ಕ್ರೀಮಿಂಗ್ ಮಿತಿಮೀರಿರಬಹುದು. ಪಿಎಚ್ ಸರಿಯಿದ್ದು, ಎಳೆಯ ಚೀಸಿನ ಪಾಲೂ ಸರಿಯಿದ್ದರೆ ಮಾತ್ರ ಲವಣವನ್ನು ಹೆಚ್ಚಿಸಿ. ಚೀಸು ಗಟ್ಟಿಯಾಗಿ ಪುಡಿಯಾಗುತ್ತಿದ್ದರೆ ಮೊದಲು ಪಿಎಚ್, ಆಮೇಲೆ ನೀರಿನ ಲೆಕ್ಕ ನೋಡಿ. ಅಂಟಂಟಾಗಿ ಹಲ್ಲಿಗೆ ಮೆತ್ತಿಕೊಂಡರೆ ಎಳೆಯ ಚೀಸು ಹೆಚ್ಚಾಗಿದೆ ಅಥವಾ ಬೇಯಿಸಿದ್ದು ಸಾಲದು. ನಾಲಿಗೆಗೆ ತರಿತರಿಯಾದ ಹರಳು ಸಿಕ್ಕರೆ ಲವಣ ಪೂರ್ತಿ ಕರಗಿಲ್ಲ ಅಥವಾ ಒಂದೇ ಲವಣ ಅತಿಯಾಗಿದೆ. ಸಿಟ್ರೇಟಿನ ಅತಿ ಬಳಕೆಯಿಂದಲೂ ಹರಳು ಮೂಡುವುದುಂಟು. ಒಂದು ಪಾತ್ರೆಗೆ ಒಂದೇ ಬದಲಾವಣೆ ಮಾಡಿ. ಆರಂಭದ ದಿನಗಳಲ್ಲಿ ಲವಣ, ನೀರು, ಬೇಯಿಸುವ ಹೊತ್ತು ಮೂರನ್ನೂ ಒಟ್ಟಿಗೆ ಬದಲಿಸಿ, ಚೆನ್ನಾಗಿ ಬಂದ ಚೀಸನ್ನು ಮತ್ತೆ ಮಾಡಲಾಗದೆ ವಾರಗಟ್ಟಲೆ ಒದ್ದಾಡಿದ ಮೇಲೆ ನಾನು ಪ್ರತಿ ಪಾತ್ರೆಗೂ ಒಂದು ಪುಟ ಬರೆದಿಡತೊಡಗಿದೆ.

ಇಟ್ಟುಕೊಳ್ಳುವುದು, ತಿನ್ನುವುದು

85 ಡಿಗ್ರಿಯ ಕಾವು ಬಹುತೇಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಯೇ ಹೊರತು ಕ್ಲಾಸ್ಟ್ರಿಡಿಯಂ ಜಾತಿಯವುಗಳ ಬೀಜಕಣಗಳನ್ನಲ್ಲ. ಗಾಳಿಯಾಡದ ಡಬ್ಬಿ, ಹೆಚ್ಚು ತೇವಾಂಶ, ಕಡಿಮೆ ಹುಳಿ ಮೂರೂ ಸೇರಿದ ಜಾಗ ಅವುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಕಾರ್ಖಾನೆಗಳಲ್ಲಿ ತೇವಾಂಶ, ಪಿಎಚ್, ಉಪ್ಪು, ಫಾಸ್ಫೇಟುಗಳ ಲೆಕ್ಕಾಚಾರದಿಂದ ಹಾಗೂ ಅನುಮತಿಯಿರುವ ಕಡೆ ನೈಸಿನ್ ಎಂಬ ಸಂರಕ್ಷಕವನ್ನು ಬಳಸಿ ಇವನ್ನು ತಡೆಯುತ್ತಾರೆ. ಬರಿಯ ಸಿಟ್ರೇಟಿನಲ್ಲಿ ಮಾಡಿದ ಮನೆಯ ಚೀಸಿಗೆ ಆ ರಕ್ಷಣೆಯಿಲ್ಲ. ಅದನ್ನು 4 ಡಿಗ್ರಿಯ ಸುಮಾರಿನ ಫ್ರಿಜ್ಜಿನಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಬೇಕು. ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಸೇರಿಸಿದ್ದಾದರೆ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಫ್ರಿಜ್ಜು ಗಂಟೆಗಟ್ಟಲೆ ನಿಂತಿದ್ದರೆ ಅಂಥದ್ದನ್ನು ಎಸೆಯುವುದೇ ಸರಿ.

ಸೋಡಿಯಂನ ಲೆಕ್ಕವನ್ನೂ ಹೇಳಬೇಕು. 20 ಗ್ರಾಂ ಸಿಟ್ರೇಟಿನಿಂದ ಸುಮಾರು 4.7 ಗ್ರಾಂ ಸೋಡಿಯಂ, ಚೆಡ್ಡರಿನ ಉಪ್ಪಿನಿಂದ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. 20 ಗ್ರಾಂನ ಒಂದು ಸ್ಲೈಸಿನಲ್ಲಿ ಸುಮಾರು 200 ಮಿಲಿಗ್ರಾಂ ಸೋಡಿಯಂ ಇರುತ್ತದೆ; ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂನೊಳಗೆ. ಈ ಕಾರಣಕ್ಕೇ ಮೇಲಿನ ಅಳತೆಯಲ್ಲಿ ಅಡುಗೆ ಉಪ್ಪನ್ನು ನಾನು ಸೇರಿಸಿಲ್ಲ. ಸೋಡಿಯಂ ಬದಲು ಪೊಟ್ಯಾಸಿಯಂ ಲವಣಗಳನ್ನು ಬಳಸಬಹುದಾದರೂ ಅವುಗಳ ಪಾಲು ಹೆಚ್ಚಿದಂತೆ ಕಹಿ ಹೆಚ್ಚುತ್ತದೆ. ಹೀಗೆ ಸೇರಿಸಿದ ಫಾಸ್ಫೇಟನ್ನು ದೇಹ ಆಹಾರದಲ್ಲಿ ಸಹಜವಾಗಿರುವ ರಂಜಕಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ; ಮೂತ್ರಪಿಂಡದ ತೊಂದರೆಯಿರುವವರಿಗೆ ಇದು ಒಳ್ಳೆಯದಲ್ಲ. ಅಂಥವರಿರುವ ಮನೆಗೆ ಚೀಸು ಮಾಡುವಾಗ ಫಾಸ್ಫೇಟನ್ನು ಬಿಟ್ಟು ಸಿಟ್ರೇಟನ್ನಷ್ಟೇ ಬಳಸಿ, ಎಷ್ಟು ತಿನ್ನಬಹುದೆಂಬುದನ್ನು ಅವರ ವೈದ್ಯರಲ್ಲಿ ಕೇಳಿಕೊಳ್ಳಿ.